ಹದಿನಾರು ಪ್ರಶ್ನೆ, ಒಂದು ಹಾಜರಿ ಪುಸ್ತಕ

"ಮೇಷ್ಟ್ರ ಸಿಟ್ಟನ್ನ ಅಳೆಯೋಕೆ ಹೊರಟಿದೀರಾ ಸಾರ್?" ಅಂತ ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು. ನಾನು ಅಳೆಯೋಕೆ ಹೊರಟಿದ್ದು ನನ್ನ ವಿಭಾಗದ ಅಧ್ಯಾಪಕರ ಭಾವನಾತ್ಮಕ ಬುದ್ಧಿವಂತಿಕೆ, ಅಂದ್ರೆ ತಮ್ಮ ಮತ್ತು ಬೇರೆಯವರ ಭಾವನೆಗಳನ್ನು ಅರಿತು ನಿಭಾಯಿಸೋ ಶಕ್ತಿ. ಈಗ ಪಕ್ಕದ ಎರಡು ವಿಭಾಗದವರು ನನ್ನ ಫಾರಂ ಇಸ್ಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಬರೀ ದುಡ್ಡು ದಂಡ. ಅದನ್ನು ಕಲಿಸೋಕೆ ಹೊರಗಿನಿಂದ ತರಬೇತುದಾರರನ್ನು ಕರೆಸಿದೆ. ದಿನಕ್ಕೆ ಸುಮಾರು 22 ಸಾವಿರ, ಊಟ ಬೇರೆ. ಬಿಸಿಬೇಳೆ ಬಾತ್ ಆದಮೇಲೆ ಅರ್ಧ ಜನ ತೂಕಡಿಸಿದರು, ಇನ್ನರ್ಧ ಮೌಲ್ಯಮಾಪನ ಇದೆ ಅಂತ ಎದ್ದು ಹೋದರು. ಬಿಲ್ಲಿಗೆ ಆಡಿಟ್ ಆಕ್ಷೇಪಣೆ ಬಂತು. ಆರು ಸಾವಿರದಷ್ಟು ನನ್ನ ಜೇಬಿನಿಂದಲೇ ಕಟ್ಟಿದೆ.

ಎರಡನೇ ಸಲ, ಇದನ್ನೇ ಅಳೆಯೋಕೆ ವಾಂಗ್ ಮತ್ತು ಲಾ ಅನ್ನೋ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಹಂಚಿದೆ. ಅದರಲ್ಲಿ 16 ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ; ಪೂರ್ತಿ ಒಪ್ಪಿದರೆ 7. ಹದಿನಾಲ್ಕು ಜನರಲ್ಲಿ ಹನ್ನೆರಡು ಮಂದಿ ತಮಗೆ ತಾವೇ 6, 7 ಕೊಟ್ಟುಕೊಂಡರು. ಅಟೆಂಡರ್ ಮೇಲೆ ದಿನಾ ಕೂಗಾಡುವವರು ಕೂಡ 'ಸಿಟ್ಟು ಬಂದರೂ ಬೇಗ ತಣ್ಣಗಾಗುತ್ತೇನೆ' ಅನ್ನೋದಕ್ಕೆ 7!

ಅವರನ್ನೇ ಯಾಕೆ ಕೇಳಬೇಕು, ಪಕ್ಕದ ಟೇಬಲ್ಲಿನವರನ್ನು ಕೇಳಿದರಾಯ್ತಲ್ವಾ? ಅದೇ 16 ಹೇಳಿಕೆಗಳನ್ನು 'ನಾನು' ಬದಲು 'ಇವರು' ಅಂತ ತಿರುಗಿಸಿ, ಒಬ್ಬೊಬ್ಬರ ಬಗ್ಗೆ ಮೂವರಿಂದ ತುಂಬಿಸಿದೆ, ಹೆಸರಿಲ್ಲದೆ. ಆ ಮೂವರನ್ನು ಹೇಗೆ ಆರಿಸಿದೆ ಅನ್ನೋದು ಮಾತ್ರ ಹೇಳಲ್ಲ. ಪಾಠದ ಗುಣಮಟ್ಟ ನೋಡೋಕೆ ಎಪಿಐ ಅಂಕಗಳನ್ನು (ಸೆಮಿನಾರ್, ಪ್ರಕಟಣೆ ಎಲ್ಲ ಲೆಕ್ಕ ಹಾಕಿ ಅಧ್ಯಾಪಕರಿಗೆ ಕೊಡುತ್ತಿದ್ದ ಅಂಕ) ಪಕ್ಕಕ್ಕಿಟ್ಟೆ. ಸೆಮಿನಾರ್ ಸರ್ಟಿಫಿಕೇಟ್ ಜಾಸ್ತಿ ಇದ್ದವರೆಲ್ಲ ಚೆನ್ನಾಗಿ ಪಾಠ ಮಾಡ್ತಾರಾ? ಇಂಟರ್ನಲ್ ಪೇಪರ್ ಎಷ್ಟು ದಿನಕ್ಕೆ ತಿದ್ದಿ ಕೊಟ್ಟರು, ಡೌಟ್ ಕೇಳೋಕೆ ಎಷ್ಟು ಮಕ್ಕಳು ಚೇಂಬರಿಗೆ ಬಂದರು, ಅಷ್ಟನ್ನೇ ಹಾಜರಿ ಪುಸ್ತಕದ ಕೊನೇ ಪುಟದಲ್ಲಿ ಗುರುತು ಹಾಕಿಸಿದೆ.

ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಸಹೋದ್ಯೋಗಿಗಳು ಕೊಟ್ಟ ಅಂಕ, ಹಾಜರಿ ಪುಸ್ತಕದ ಗುರುತು ಎರಡೂ ಬಹುತೇಕ ತಾಳೆಯಾದವು. 5ಕ್ಕಿಂತ ಮೇಲೆ ಬಂದವರ ಪೇಪರ್ ವಾರದೊಳಗೆ ಮಕ್ಕಳ ಕೈಗೆ. 3ರ ಆಸುಪಾಸಿನವರದು ಮೂರು ವಾರ ಆದರೂ ಬೀರುವಿನಲ್ಲೇ.

ಮಧ್ಯೆ ಸುಮ್ನೆ ಇನ್ನೊಂದು ಮಾಡಿ ನೋಡಿದೆ. ವಿಭಾಗದ ವಾಟ್ಸಾಪ್ ಗ್ರೂಪಿಗೆ ರಾತ್ರಿ ಎಂಟಾದ ಮೇಲೆ ಬೀಗ. ಜಗಳ ನಿಂತಿತು, ಅಂಕ ಅಲ್ಲಾಡಲಿಲ್ಲ.

ಲೆಕ್ಕಕ್ಕೆ ಸಿಗದೆ ಕಾಡಿದ್ದು ಒಬ್ಬರು ಅತಿಥಿ ಉಪನ್ಯಾಸಕರು. ಪಾಠ ಚೆನ್ನಾಗಿದೆ, ಪೇಪರೂ ಬೇಗ. ಆದರೆ ಮೂವರೂ 2, 3 ಹಾಕಿದ್ದರು, 'ಮಾತಾಡಿಸಿದರೆ ಮೈಮೇಲೆ ಬರ್ತಾರೆ' ಅಂತ. ವಿಚಾರಿಸಿದರೆ ನಾಲ್ಕು ತಿಂಗಳಿಂದ ಗೌರವಧನ ಆಗಿಲ್ಲ. ಫೈಲಿನ ಹಿಂದೆ ಬಿದ್ದು ಬಿಡುಗಡೆ ಮಾಡಿಸಿದೆ. ಮುಂದಿನ ಸುತ್ತಿನಲ್ಲಿ ಅದೇ ಮೂವರು 5 ಕೊಟ್ಟರು.

ಈಗ ಫಾರಂನ ಮೇಲ್ಗಡೆ ನಾನೇ ತುಂಬುವ ಒಂದು ಸಾಲಿದೆ: ಕೊನೆಯ ಸಲ ದುಡ್ಡು ಕೈಗೆ ಬಂದ ತಾರೀಕು.