ಹಾಸ್ಟೆಲ್, ಪಿಜಿಯಲ್ಲಿದ್ದೀರಾ? ಜನಗಣತಿಯಲ್ಲಿ ನಿಮ್ಮನ್ನು ಬರೆಸುವುದು ಹೀಗೆ

2011ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿ ನನಗೆ ಗಣತಿ ಡ್ಯೂಟಿ ಬಿದ್ದಿತ್ತು. ಒಂದು ಪಿಜಿಯ ಬಾಗಿಲಲ್ಲಿ ಮಾಲೀಕರು "ನಾಕ ಮಂದಿ ಅದಾರ್ರಿ ಮೇಡಮ್" ಎಂದರು. ಮೆಟ್ಟಿಲ ಪಕ್ಕದ ಸ್ಟ್ಯಾಂಡಿನಲ್ಲಿ ಚಪ್ಪಲಿ ಎಣಿಸಿದೆ. ಹತ್ತೊಂಬತ್ತು ಜೊತೆ! ರಾತ್ರಿ ಊಟದ ಹೊತ್ತಿಗೆ ಮತ್ತೆ ಹೋದಾಗ ಹದಿನೇಳು ಹುಡುಗಿಯರು ತಟ್ಟೆ ಹಿಡಿದು ಕೂತಿದ್ದರು. ಹತ್ತು ಜನ "ನಮ್ಮದು ಊರಲ್ಲೇ ಬರೆಸಿದ್ದಾರೆ" ಎಂದರು. ಉಳಿದ ಏಳು ಜನರ ಹೆಸರು ಎಲ್ಲೂ ಇರಲಿಲ್ಲ.

ಈ ಎರಡೂ ತಪ್ಪು ಮತ್ತೆ ಆಗಬಾರದು. ಈ ಸಲದ ಜನಗಣತಿಯಲ್ಲಿ ಜನರನ್ನು ಎಣಿಸುವ ಹಂತ 2027ರ ಫೆಬ್ರುವರಿಯಲ್ಲಿದೆ. ಫೆಬ್ರುವರಿ 28 ಮುಗಿದು 2027ರ ಮಾರ್ಚ್ 1 ಶುರುವಾಗುವ ನಡುರಾತ್ರಿ 12 ಗಂಟೆಗೆ ದೇಶದಲ್ಲಿ ಎಷ್ಟು ಜನ ಇದ್ದರು ಅನ್ನುವುದೇ ಲೆಕ್ಕ. ಆ ಹೊತ್ತಿಗೆ ನೀವು ಕಾಲೇಜಿನಲ್ಲಿ ಇರುವವರಾದರೆ ಈಗಲೇ ಓದಿ ಇಟ್ಟುಕೊಳ್ಳಿ.

1. ಎಲ್ಲಿ ಬರೆಸಬೇಕು ಎಂದು ಮೊದಲು ತೀರ್ಮಾನಿಸಿ

ಎಲ್ಲರೂ ಎಡವುವುದು ಇಲ್ಲೇ. ಜನಗಣತಿ ಕೇಳುವುದು ನಿಮ್ಮ ಸ್ವಂತ ಊರನ್ನಲ್ಲ, ಆಧಾರ್ ವಿಳಾಸವನ್ನೂ ಅಲ್ಲ. ಎಣಿಕೆ ನಡೆಯುವ ದಿನಗಳಲ್ಲಿ ನೀವು ಸಾಮಾನ್ಯವಾಗಿ ಎಲ್ಲಿ ಇರುತ್ತೀರಿ, ಎಲ್ಲಿ ಊಟ ಮಾಡುತ್ತೀರಿ ಅನ್ನುವುದನ್ನು. ಹಾಸ್ಟೆಲಿನಲ್ಲಿದ್ದರೆ ಹಾಸ್ಟೆಲಿನಲ್ಲೇ ಲೆಕ್ಕ. ಶನಿವಾರ ಊರಿಗೆ ಹೋಗಿ ಸೋಮವಾರ ಬಂದರೂ ಹಾಸ್ಟೆಲಿನಲ್ಲೇ. ಎಣಿಕೆಯ ಅಷ್ಟೂ ದಿನ ರಜೆಗೆಂದು ಮನೆಯಲ್ಲೇ ಇದ್ದರೆ ಮಾತ್ರ ಮನೆಯಲ್ಲಿ ಬರೆಸಿ.

ಹಾಸ್ಟೆಲ್, ಮೆಸ್ ಇಂಥವನ್ನು 'ಸಾಂಸ್ಥಿಕ ಕುಟುಂಬ' ಎಂದು ಬರೆದುಕೊಳ್ಳುತ್ತಾರೆ. ನಾಲ್ಕು ಗೆಳೆಯರು ಒಂದು ರೂಮು ಹಿಡಿದು ಒಟ್ಟಿಗೆ ಅಡುಗೆ ಮಾಡಿಕೊಂಡರೆ ಅದೂ ಒಂದು ಕುಟುಂಬವೇ. ಒಲೆ ಒಂದಾದರೆ ಕುಟುಂಬ ಒಂದು, ಒಲೆ ಬೇರೆಯಾದರೆ ಕುಟುಂಬ ಬೇರೆ.

ಅಪ್ಪ ಅಮ್ಮ ಮನೆಯಲ್ಲೇ ಬರೆಸಲು ನೋಡುವುದಕ್ಕೆ ಕಾರಣ ಇದೆ. ರೇಷನ್ ಕಾರ್ಡಿನಿಂದ ಮಗಳ ಹೆಸರು ಹೋಗಿಬಿಟ್ಟರೆ ಎಂಬ ಭಯ. ಹಾಗೆ ಆಗುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ನೀವು ಕೊಟ್ಟ ವಿವರವನ್ನು ಬೇರೆಯವರು ತೆಗೆದು ನೋಡುವಂತಿಲ್ಲ, ಸಾಕ್ಷಿಯಾಗಿ ಬಳಸುವಂತಿಲ್ಲ. ಇದನ್ನು ಮನೆಗೆ ಫೋನ್ ಮಾಡಿ, ನಿಧಾನವಾಗಿ, ಅವರಿಗೆ ನಂಬಿಕೆ ಬರುವ ತನಕ ಹೇಳಿ. "ನನ್ನದು ಇಲ್ಲಿ ಬರೆಸುತ್ತೇನೆ, ಅಲ್ಲಿ ಬರೆಸಬೇಡಿ" ಎಂಬ ಈ ಒಂದು ಫೋನ್ ಆಗದಿದ್ದರೆ ಉಳಿದ ಹೆಜ್ಜೆಗಳೆಲ್ಲ ಸುಮ್ನೆ.

ಪಿಜಿ ಮಾಲೀಕರು ನಿಮ್ಮ ಪರವಾಗಿ ಉತ್ತರ ಕೊಡಲು ಬಿಡಬೇಡಿ. ಅವರಿಗೆ ನಿಮ್ಮ ಹೆಸರು, ಮುಂಗಡ ಹಣ ಗೊತ್ತಿರುತ್ತದೆ ಅಷ್ಟೇ. ನಿಮ್ಮ ಮಾತೃಭಾಷೆ ಗೊತ್ತಿರುವುದಿಲ್ಲ.

2. ಮನೆಗೆ ಕೇಳಿ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ

ಹುಟ್ಟಿದ ದಿನ, ಹುಟ್ಟಿದ ಊರು, ಜಾತಿಯ ಸರಿಯಾದ ಹೆಸರು, ಈಗಿನ ಊರಿಗೆ ಬಂದು ಎಷ್ಟು ವರ್ಷವಾಯಿತು. ಈ ಸಲ ಎಲ್ಲರ ಜಾತಿಯನ್ನೂ ಕೇಳುತ್ತಾರೆ. 2025ರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಬಂದಿದ್ದರಲ್ವಾ, ಅದು ರಾಜ್ಯದ್ದು. ಇದು ಬೇರೆ. "ಒಂದು ಸಲ ಕೊಟ್ಟಾಗಿದೆ" ಎಂದು ಬಾಗಿಲು ಹಾಕಬೇಡಿ.

3. ವಿದ್ಯಾರ್ಥಿಗಳು ತಪ್ಪು ಬರೆಸುವ ಪ್ರಶ್ನೆಗಳು

2011ರಲ್ಲಿ ಜನಗಣತಿಯ ನಮೂನೆಯಲ್ಲಿ 29 ಪ್ರಶ್ನೆ ಇದ್ದವು. ನಾನು ನೋಡಿದಂತೆ ವಿದ್ಯಾರ್ಥಿಗಳು ತಪ್ಪುತ್ತಿದ್ದದ್ದು ಐದರಲ್ಲಿ.

ವಿದ್ಯಾಭ್ಯಾಸ: ಓದುತ್ತಿರುವುದನ್ನಲ್ಲ, ಮುಗಿಸಿರುವುದನ್ನು ಹೇಳಬೇಕು. ಬಿ.ಎ. ಎರಡನೇ ವರ್ಷದವರು ಪಿಯುಸಿ ಎಂದೇ ಹೇಳಬೇಕು. ಇಂಜಿನಿಯರಿಂಗ್ ಕೊನೆಯ ಸೆಮಿಸ್ಟರಿನವರೂ ಪಿಯುಸಿಯೇ. ಡಿಪ್ಲೊಮಾ ಮುಗಿಸಿ ಬಂದವರಾದರೆ ಡಿಪ್ಲೊಮಾ. ಎಂ.ಎ. ಓದುವವರಿಗೆ ಪದವಿ. ಒಬ್ಬ ಹುಡುಗ "ಇನ್ನೊಂದೇ ಪೇಪರ್ ಬಾಕಿ ಮೇಡಂ, ಬಿ.ಇ. ಅಂತ ಹಾಕಿ" ಎಂದು ತುಂಬಾ ಕೇಳಿಕೊಂಡ. ನಾನು ಹಾಕಲಿಲ್ಲ. ಆ ಒಂದು ಪೇಪರ್ ಪಾಸಾಗುವ ತನಕ ಆತ ಲೆಕ್ಕದಲ್ಲಿ ಪದವೀಧರನಲ್ಲ. ಈಗ ಕಾಲೇಜಿಗೆ ಹೋಗುತ್ತಿದ್ದೀರಿ ಎನ್ನುವುದಕ್ಕೆ ಬೇರೆ ಪ್ರಶ್ನೆಯೇ ಇದೆ, ಅದನ್ನು ಅಲ್ಲಿ ಹೇಳಿ.

ಹುಟ್ಟಿದ ಊರು: ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಅಪ್ಪನ ಊರು ಕಲಘಟಗಿ, ನೀವು ಹುಟ್ಟಿದ್ದು ಅಜ್ಜಿ ಮನೆ ಇರುವ ಗದಗದಲ್ಲಿ ಆದರೆ ಗದಗ ಎಂದೇ ಬರೆಸಿ.

ಹಿಂದಿನ ವಾಸಸ್ಥಳ: ಇದಕ್ಕೂ ಹುಟ್ಟೂರನ್ನೇ ಹೇಳಿಬಿಡುತ್ತಾರೆ. ಕಲಘಟಗಿ ಬಿಟ್ಟು ಪಿಯುಸಿಗೆ ಧಾರವಾಡ, ಅಲ್ಲಿಂದ ಬೆಂಗಳೂರು. ಹಾಗಿದ್ದರೆ ಹಿಂದಿನ ವಾಸಸ್ಥಳ ಧಾರವಾಡ. ಬಂದ ಕಾರಣ ಕೇಳಿದಾಗ 'ಶಿಕ್ಷಣ' ಎನ್ನಿ. ಓದುವುದಕ್ಕಾಗಿ ಎಷ್ಟು ಮಕ್ಕಳು ಊರು ಬಿಡುತ್ತಾರೆ ಎಂದು ಗೊತ್ತಾಗುವುದು ಈ ಉತ್ತರದಿಂದಲೇ.

ಮಾತೃಭಾಷೆ: ಚಿಕ್ಕಂದಿನಲ್ಲಿ ನಿಮ್ಮಮ್ಮ ನಿಮ್ಮ ಜೊತೆ ಆಡಿದ ಭಾಷೆ. ಲಿಪಿ ಇರಬೇಕೆಂದಿಲ್ಲ, ಶಾಲೆಯಲ್ಲಿ ಕಲಿತಿರಬೇಕೆಂದಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಡವ, ಲಂಬಾಣಿ ಮಾತಾಡುವ ಮಕ್ಕಳು ಹಾಸ್ಟೆಲಿನಲ್ಲಿ ಸಂಕೋಚಪಟ್ಟು ಕನ್ನಡ ಎಂದು ಬರೆಸಿದ್ದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. 2011ರಲ್ಲಿ ತುಳು ಲೆಕ್ಕಕ್ಕೆ ಸಿಕ್ಕಿದ್ದು 18.46 ಲಕ್ಷ ಜನ. ನೀವು ಹೇಳದಿದ್ದರೆ ನಿಮ್ಮ ಭಾಷೆಯಲ್ಲಿ ಒಬ್ಬರು ಕಡಿಮೆ. ಕನ್ನಡವನ್ನು ಬಲ್ಲ ಇತರ ಭಾಷೆಗಳ ಜಾಗದಲ್ಲಿ ಹೇಳಬಹುದು, ಅಲ್ಲಿ ಎರಡು ಭಾಷೆಗೆ ಅವಕಾಶ ಇತ್ತು.

ಕೆಲಸ: "ಸ್ಟೂಡೆಂಟ್, ಕೆಲಸ ಇಲ್ಲ" ಎಂದು ಮುಗಿಸಬೇಡಿ. ಕಳೆದ ಒಂದು ವರ್ಷದಲ್ಲಿ ಸಂಜೆ ಹೊತ್ತು ಊಟ ಡೆಲಿವರಿ ಮಾಡಿದ್ದರೆ, ಟ್ಯೂಷನ್ ಹೇಳಿದ್ದರೆ, ರಜೆಯಲ್ಲಿ ನಿಮ್ಮದೇ ಹೊಲದಲ್ಲಿ ಸಂಬಳವಿಲ್ಲದೆ ದುಡಿದಿದ್ದರೆ ಅದೂ ಕೆಲಸವೇ. ಎಷ್ಟು ತಿಂಗಳು ಎಂದು ಹೇಳಿ.

4. ಉತ್ತರ ಕೊಡಿ

ಈ ಸಲ ಗಣತಿದಾರರು ಮೊಬೈಲ್‌ನಲ್ಲಿ ತುಂಬುತ್ತಾರೆ. ಬೇಕಾದವರು ಸ್ವಯಂ ಗಣತಿ ಮಾಡಿಕೊಳ್ಳಬಹುದು, ಆಗ ಬರುವ ಗುರುತಿನ ಸಂಖ್ಯೆಯನ್ನು ಗಣತಿದಾರರಿಗೆ ತೋರಿಸಬೇಕು. ನನ್ನ ಸಲಹೆ ಕೇಳಿದರೆ ಹಾಸ್ಟೆಲಿನವರು ಎದುರಿಗೆ ಕೂತೇ ಹೇಳಿ. ವಿದ್ಯಾಭ್ಯಾಸದಂಥ ಪ್ರಶ್ನೆಯಲ್ಲಿ ತಪ್ಪಿದರೆ ತಿದ್ದುವವರು ಅಲ್ಲೇ ಇರುತ್ತಾರೆ.

ವಾಟ್ಸಾಪಿನಲ್ಲಿ ಬಂದ ಯಾವ ಲಿಂಕನ್ನೂ ಒತ್ತಬೇಡಿ. ತುಂಬಿಕೊಡುತ್ತೇವೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಜನಗಣತಿಗೆ ಒಂದು ಪೈಸೆಯೂ ಇಲ್ಲ. ಬ್ಯಾಂಕ್ ಖಾತೆಯ ವಿವರ ಕೇಳಿದವರು ಗಣತಿದಾರರೇ ಅಲ್ಲ.

ಇನ್ನು ಒಬ್ಬನೇ ಕೂತು ಇಡೀ ಫ್ಲೋರಿನವರದ್ದು ಹೇಳಿಬಿಡುವ ಸುಲಭದ ದಾರಿ ಬೇಡವೇ ಬೇಡ. ಆಗ ಎಲ್ಲರ ವಯಸ್ಸೂ ಇಪ್ಪತ್ತಾಗುತ್ತದೆ. ಕೇಳುವುದು ತುಂಬಿದ ವರ್ಷ. ಹತ್ತೊಂಬತ್ತು ತುಂಬಿ ಹನ್ನೊಂದು ತಿಂಗಳಾಗಿದ್ದರೂ ಹತ್ತೊಂಬತ್ತೇ.

5. ಯಾರೂ ಬರದಿದ್ದರೆ

ಫೆಬ್ರುವರಿ ಮೂರನೇ ವಾರದ ತನಕ ನೋಡಿ. ಬರದಿದ್ದರೆ ಮೊದಲು ವಾರ್ಡನ್ನರನ್ನು ಕೇಳಿ, ಅವರ ಹತ್ತಿರ ಪಟ್ಟಿ ತೆಗೆದುಕೊಂಡು ಹೋಗಿರಬಹುದು. ಹೋಗಿದ್ದರೆ ಅದರಲ್ಲಿ ನಿಮ್ಮ ಹೆಸರಿನ ಮುಂದೆ ಏನೇನು ಬರೆಸಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ಅದೂ ಆಗಿಲ್ಲವೆಂದರೆ ಊರಿನಲ್ಲಿ ತಹಶೀಲ್ದಾರ್ ಕಚೇರಿ, ಪಟ್ಟಣದಲ್ಲಿ ಪಾಲಿಕೆ ಅಥವಾ ಪುರಸಭೆ ಕಚೇರಿಗೆ ಹೋಗಿ. ಹಾಸ್ಟೆಲಿನ ಹೆಸರು, ರಸ್ತೆ, ಅಲ್ಲಿರುವವರ ಸಂಖ್ಯೆ ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ. ಒಬ್ಬರೇ ಹೋಗುವುದಕ್ಕಿಂತ ಮೂರು ನಾಲ್ಕು ಜನ ಒಟ್ಟಿಗೆ ಹೋಗಿ, ಬೆಳಿಗ್ಗೆಯೇ ಹೋಗಿ.