ಕಾಲಮ್ ಇಲ್ಲದೆ ಪ್ರೋಟೀನ್ ಶುದ್ಧಿ: ಇಎಲ್‌ಪಿ ಹನಿಗಳ ವಿಧಾನ

ಚರ್ಮ, ರಕ್ತನಾಳಗಳಿಗೆ ಹಿಗ್ಗುವ ಗುಣ ಕೊಡುವ ಎಲಾಸ್ಟಿನ್ ಪ್ರೋಟೀನಿನಲ್ಲಿ ಮರುಕಳಿಸುವ ವ್ಯಾಲಿನ್–ಪ್ರೋಲಿನ್–ಗ್ಲೈಸಿನ್–ಎಕ್ಸ್–ಗ್ಲೈಸಿನ್ ತುಣುಕನ್ನು ಹತ್ತಾರು ಸಲ ಪೋಣಿಸಿದರೆ ಇಎಲ್‌ಪಿ (ಎಲಾಸ್ಟಿನ್‌ನಂಥ ಪಾಲಿಪೆಪ್ಟೈಡ್) ಟ್ಯಾಗ್, ಅಂದರೆ ಬೇಕಾದ ಪ್ರೋಟೀನಿಗೆ ಅಂಟಿಸುವ ಬಾಲ, ಆಗುತ್ತದೆ. ಎಕ್ಸ್ ಜಾಗದಲ್ಲಿ ಪ್ರೋಲಿನ್ ಬಿಟ್ಟು ಯಾವ ಅಮೈನೋ ಆಮ್ಲವಿದ್ದರೂ ಆದೀತು. ತಂಪಿನಲ್ಲಿ ಕರಗಿರುವ ಇದು ನಿರ್ದಿಷ್ಟ ಉಷ್ಣತೆ ದಾಟಿದೊಡನೆ ದ್ರವದ ಸಣ್ಣ ಹನಿಗಳಾಗಿ ಬೇರ್ಪಡುತ್ತದೆ, ತಣಿಸಿದರೆ ಮತ್ತೆ ಕರಗುತ್ತದೆ. ಟ್ಯಾಗಿಗೆ ಜೋಡಿಸಿದ ಪ್ರೋಟೀನೂ ಅದರ ಹಿಂದೆಯೇ ಹೋಗಿಬರುತ್ತದೆ. ಈ ಗುಣವನ್ನು ಕಾಲಮ್ (ಪ್ರೋಟೀನ್ ಬೇರ್ಪಡಿಸುವ, ರಾಳ ತುಂಬಿದ ಕೊಳವೆ) ಇಲ್ಲದೆ ಶುದ್ಧೀಕರಣಕ್ಕೆ ಬಳಸಬಹುದೆಂದು ಮೇಯರ್ ಮತ್ತು ಚಿಲ್ಕೋಟಿ 1999ರಲ್ಲಿ ತೋರಿಸಿದರು.

ಟ್ಯಾಗ್ ಹೊತ್ತ ಪ್ರೋಟೀನನ್ನು ತಯಾರಿಸುವ ಇ. ಕೋಲಿ ಬ್ಯಾಕ್ಟೀರಿಯಾದ ಒಂದು ಲೀಟರ್ ಕಲ್ಚರ್‌ನ ಕೋಶಗಳನ್ನು 25 ಮಿ.ಲೀ. ತಣ್ಣನೆಯ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬಫರಿನ ಉಪ್ಪುದ್ರಾವಣ) ಕದಡಿ, ಐಸ್ ಮೇಲಿಟ್ಟು ಸೋನಿಕೇಟ್ ಮಾಡಿ, ಅಂದರೆ ಶ್ರವಣಾತೀತ ಧ್ವನಿಯಿಂದ ಕೋಶಗಳನ್ನು ಒಡೆಯಿರಿ. ಸೆಂಟ್ರಿಫ್ಯೂಜಿನಲ್ಲಿ 4 ಡಿಗ್ರಿಗೆ, 15,000 ಜಿ (ಗುರುತ್ವದ 15,000 ಪಟ್ಟು) ಬಲದಲ್ಲಿ 20 ನಿಮಿಷ ತಿರುಗಿಸಿ. ತಿಳಿಗೆ (ಮೇಲೆ ಉಳಿದ ದ್ರವಕ್ಕೆ) ಪಾಲಿಎಥಿಲೀನ್‌ಇಮೈನ್ ಎಂಬ ಧನಾವೇಶದ ಪಾಲಿಮರ್ ಸೇರಿಸಿ (ಕೊನೆಯ ಪ್ರಮಾಣ 0.5%), ಇನ್ನೊಮ್ಮೆ ತಿರುಗಿಸಿ, ಡಿಎನ್‌ಎ ಗಸಿಯಾಗಿ ಇಳಿಯುತ್ತದೆ. ನಿಮ್ಮ ಪ್ರೋಟೀನ್ ತೀರ ಆಮ್ಲೀಯವಾಗಿದ್ದರೆ ಅದೂ ಗಸಿಗೆ ಹೋಗಬಹುದು. ಆಗ ಡಿಎನ್‌ಎ ಕತ್ತರಿಸುವ ಕಿಣ್ವವಾದ ನ್ಯೂಕ್ಲಿಯೇಸ್ ಬಳಸುವುದೇ ಮೇಲು.

ಈಗ ಉಪ್ಪಿನ ಪರೀಕ್ಷೆ: ಉಪ್ಪು ಹೆಚ್ಚಾದಷ್ಟೂ ಹನಿಗಟ್ಟುವ ಉಷ್ಣತೆ ಇಳಿಯುತ್ತದೆ, ಎಷ್ಟು ಬೇಕೆಂದು ನೋಡಬೇಕು. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಅರ್ಧರ್ಧ ಮಿ.ಲೀ. ತಿಳಿಗೆ 0, 0.5, 1, 1.5, 2 ಮೋಲಾರ್ ಸೋಡಿಯಂ ಕ್ಲೋರೈಡ್ ಹಾಕಿ 37 ಡಿಗ್ರಿಯಲ್ಲಿ ಹತ್ತು ನಿಮಿಷ ಇಡಿ. ಹಾಲಿನಂತೆ ಬೆಳ್ಳಗಾದವನ್ನು ಐಸ್‌ಗೆ ಹಾಕಿ. ಮತ್ತೆ ತಿಳಿಯಾದರೆ ಅವು ಹನಿಗಳು; ಬಿಳುಪು ಹಾಗೇ ಉಳಿದರೆ ಯಾವುದೋ ಪ್ರೋಟೀನ್ ಕೆಟ್ಟು ಗಟ್ಟಿಯಾಗಿದೆ ಎಂದರ್ಥ. ಹೀಗೆ ಬೆಳ್ಳಗಾಗಿ ತಿಳಿಯಾದವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಉಪ್ಪಿನದನ್ನು ಆರಿಸಿ. 25 ಮಿ.ಲೀ.ಗೆ ಒಂದು ಮೋಲಾರ್ ಎಂದರೆ 1.46 ಗ್ರಾಂ. ಉಪ್ಪನ್ನು ತಂಪಿನಲ್ಲೇ ಪೂರ್ತಿ ಕರಗಿಸಿ, ಆಮೇಲೆ ಬೆಚ್ಚಗೆ ಮಾಡಿ.

37 ಡಿಗ್ರಿಯಲ್ಲಿ 15,000 ಜಿ, 15 ನಿಮಿಷ ತಿರುಗಿಸಿ. ಸೆಂಟ್ರಿಫ್ಯೂಜಿನ ರೋಟರ್ (ತಿರುಗುವ ಭಾಗ) ಮೊದಲೇ ಬೆಚ್ಚಗಿರಬೇಕು. ತಣ್ಣನೆಯ ರೋಟರಿನಲ್ಲಿ ಹನಿಗಳು ಕರಗಿ, ಚೆಲ್ಲುವ ದ್ರವದೊಡನೆ ಹೊರಟುಹೋಗುತ್ತವೆ. ತಳದ ಅಂಟಂಟು ಗಸಿಯೇ ನಿಮ್ಮ ಸರಕು. ಅದಕ್ಕೆ 5 ಮಿ.ಲೀ. ತಣ್ಣನೆಯ ಪಿಬಿಎಸ್ ಹಾಕಿ 4 ಡಿಗ್ರಿಯಲ್ಲಿ ನಿಧಾನವಾಗಿ ಹೊರಳಾಡಿಸಿ. ಅರ್ಧ ಗಂಟೆ ಹಿಡಿದೀತು, ವೋರ್ಟೆಕ್ಸ್ ಮಾಡಿದರೆ (ಯಂತ್ರದಲ್ಲಿ ರಭಸವಾಗಿ ಕುಲುಕಿದರೆ) ನೊರೆ ಬರುತ್ತದಷ್ಟೇ. ಬಳಿಕ 4 ಡಿಗ್ರಿಯಲ್ಲಿ ಹತ್ತು ನಿಮಿಷ ತಿರುಗಿಸಿ. ಈ ಬಾರಿ ಗಸಿ ಕಸ, ತಿಳಿ ಸರಕು. ಅದಲುಬದಲು ಆಗುವುದು ಇಲ್ಲಿಯೇ, ಹಾಗಾಗಿ ಜೆಲ್ (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ತೋರಿಸುವ ಪರೀಕ್ಷೆ) ನೋಡುವ ತನಕ ಏನನ್ನೂ ಎಸೆಯಬೇಡಿ. ಬಿಸಿ–ತಂಪಿನ ಈ ಸುತ್ತು ಎರಡು ಮೂರು ಸಲ ಸಾಕು. ಮುಂದಕ್ಕೆ ಶುದ್ಧತೆಗಿಂತ ನಷ್ಟ ಜಾಸ್ತಿ.

ಬೆಳ್ಳಗಾಗಲೇ ಇಲ್ಲವೇ? ಟ್ಯಾಗ್ ಹೊತ್ತ ಪ್ರೋಟೀನ್ ತೆಳುವಾದಷ್ಟೂ ಹನಿಗಟ್ಟಲು ಬೇಕಾದ ಉಷ್ಣತೆ ಏರುತ್ತದೆ. ಉಪ್ಪು ಹೆಚ್ಚಿಸಿ, ಇಲ್ಲವೇ ಶುದ್ಧ ಇಎಲ್‌ಪಿಯನ್ನೇ ಸ್ವಲ್ಪ ಬೆರೆಸಿ. ಬೆರೆಸಿದ ಇಎಲ್‌ಪಿಯೂ ನಿಮ್ಮ ಪ್ರೋಟೀನೂ ಒಟ್ಟಿಗೆ ಹನಿಗಟ್ಟುತ್ತವೆ. ಶಾಖ ತಾಳದ ಪ್ರೋಟೀನಿಗೆ ಎಕ್ಸ್ ಜಾಗದಲ್ಲಿ ವ್ಯಾಲಿನ್ ಹೆಚ್ಚಿರುವ ಟ್ಯಾಗ್ ಒಳ್ಳೆಯದು, ಕೋಣೆಯ ಉಷ್ಣತೆಯಲ್ಲೇ ಕೆಲಸ ಮುಗಿಯುತ್ತದೆ.

ಟ್ಯಾಗ್ ಕತ್ತರಿಸಲು ಟಿಇವಿ ಪ್ರೋಟಿಯೇಸ್ (ಪ್ರೋಟೀನನ್ನು ನಿರ್ದಿಷ್ಟ ಜಾಗದಲ್ಲಿ ಕತ್ತರಿಸುವ ಕಿಣ್ವ) ಬಳಸುವುದಾದರೆ ಮೊದಲು ಡಯಾಲಿಸಿಸ್‌ನಿಂದ (ಸಣ್ಣ ರಂಧ್ರದ ಪೊರೆಯ ಮೂಲಕ) ಉಪ್ಪು ತಗ್ಗಿಸಿ. ಕತ್ತರಿಸಿದ ಮೇಲೆ ಇನ್ನೊಂದು ಬಿಸಿ ಸುತ್ತು: ಟ್ಯಾಗ್ ಗಸಿಗೆ, ಪ್ರೋಟೀನ್ ತಿಳಿಗೆ. ಟಿಇವಿಗೂ ಇಎಲ್‌ಪಿ ಜೋಡಿಸಿದ್ದರೆ ಅದೂ ಗಸಿಯೊಂದಿಗೇ ತೊಲಗುತ್ತದೆ. ಜೆಲ್‌ನಲ್ಲಿ ಮಾತ್ರ ಎಚ್ಚರ: ಬಿಡಿ ಇಎಲ್‌ಪಿ, ಪ್ರೋಟೀನ್‌ಗಳನ್ನು ತೋರಿಸುವ ಕೂಮಾಸಿ ಬಣ್ಣವನ್ನು ಸರಿಯಾಗಿ ಹಿಡಿಯುವುದಿಲ್ಲ, ಪ್ರೋಟೀನ್ ಅಳೆಯುವ 280 ನ್ಯಾನೋಮೀಟರ್ ಬೆಳಕಿನಲ್ಲೂ ಹೆಚ್ಚಾಗಿ ಕಾಣದು. ಟ್ಯಾಗ್ ಉಳಿದಿದೆಯೋ ಎಂದು ತಿಳಿಯಲು ಜೆಲ್ಲನ್ನು ತಾಮ್ರದ ಕ್ಲೋರೈಡ್‌ನಲ್ಲಿ ಅದ್ದಿ ನೋಡಿ.