ರಾವಣನ ಲಂಕೆಯಾಚೆಗೆ: ಶ್ರೀಲಂಕಾದ ಬದುಕನ್ನು ಪ್ರವಾಸದಲ್ಲಿ ಕಾಣುವ ಬಗೆ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಹೆಚ್ಚುಕಡಿಮೆ ಒಂದೂವರೆ ಗಂಟೆಯ ಹಾದಿ. ಇಷ್ಟು ಹತ್ತಿರದ ದೇಶವಾದರೂ ಅಲ್ಲಿಗೆ ಹೋಗಿಬಂದವರು ಹೇಳುವ ವಿವರಗಳು ಬಹುಮಟ್ಟಿಗೆ ಒಂದೇ ಅಚ್ಚಿನವು: ಪಿನ್ನವಲದ ಆನೆಗಳು, ಸಿಗಿರಿಯದ ಬಂಡೆ, ಬುದ್ಧನ ಹಲ್ಲನ್ನು ಇಟ್ಟಿರುವ ಕ್ಯಾಂಡಿಯ ದಂತ ದೇಗುಲ, ನುವರ ಎಲಿಯದ ಚಹಾ ತೋಟ, ಎಲ್ಲಾ ಎಂಬ ಬೆಟ್ಟದೂರಿನ ಒಂಬತ್ತು ಕಮಾನಿನ ರೈಲು ಸೇತುವೆ, ಕೊನೆಗೆ ಬೆಂಟೋಟದ ಕಡಲತೀರ. ಇವುಗಳಲ್ಲಿ ಯಾವುದೂ ನೋಡಬಾರದ್ದಲ್ಲ. ಆದರೆ ಈ ಪಟ್ಟಿಯನ್ನು ಮುಗಿಸಿ ಬಂದವರಿಗೆ ಅಲ್ಲಿಯ ಜನ ಏನು ಉಣ್ಣುತ್ತಾರೆ, ಯಾವ ನೀರಿನಿಂದ ಬೆಳೆ ಬೆಳೆಯುತ್ತಾರೆ, ಯಾವ ದೇವರಿಗೆ ಹರಕೆ ಹೊರುತ್ತಾರೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಆದ್ದರಿಂದ ಪ್ರವಾಸವನ್ನು ನೋಡುವ ಜಾಗಗಳ ಮೇಲೆ ಹೊಂದಿಸದೆ ಅಲ್ಲಿಯವರ ದುಡಿಮೆ, ನೀರು, ವ್ರತ ಮತ್ತು ಊಟದ ಮೇಲೆ ಹೊಂದಿಸಿಕೊಳ್ಳುವುದು ಮೇಲು. ಇದಕ್ಕೆ ದಾರಿಯನ್ನು ಪೂರ್ತಿ ಬದಲಿಸಬೇಕಾಗಿಲ್ಲ. ಎಷ್ಟೋ ಕಡೆ ಪ್ರವಾಸಿ ಬಸ್ಸು ನಿಲ್ಲದೆ ಮುಂದೆ ಸಾಗುವಲ್ಲಿ ಇಳಿದರೆ ಸಾಕು.

ಹೊರಡುವ ಮೊದಲು ರಾವಣನ ವಿಷಯವನ್ನು ಮನಸ್ಸಿನಲ್ಲಿ ಸರಿಪಡಿಸಿಕೊಳ್ಳಬೇಕು. ರಾಮಾಯಣ ಯಾತ್ರೆ ಎಂಬ ಹೆಸರಿನ ಪ್ಯಾಕೇಜುಗಳು ಹೆಚ್ಚಾಗಿ ಭಾರತೀಯರಿಗಾಗಿಯೇ ರೂಪುಗೊಂಡವು. ಸಿಂಹಳ ಬೌದ್ಧರ ಪ್ರಾಚೀನ ವೃತ್ತಾಂತವಾದ ಮಹಾವಂಶದಲ್ಲಿ ದೇಶದ ಮೂಲಕಥೆ ರಾವಣನದಲ್ಲ, ಉತ್ತರ ಭಾರತದಿಂದ ಹಡಗಿನಲ್ಲಿ ಬಂದಿಳಿದ ವಿಜಯನದು. ಇನ್ನೊಂದು ಕಡೆ, ಇತ್ತೀಚಿನ ದಶಕಗಳಲ್ಲಿ ಸಿಂಹಳರ ಒಂದು ವರ್ಗಕ್ಕೆ ರಾವಣನು ವಿದ್ವಾಂಸನೂ ವೈದ್ಯನೂ ಆದ ನಾಡಿನ ವೀರನಾಗಿದ್ದಾನೆ. 2019ರಲ್ಲಿ ಕಕ್ಷೆಗೆ ಸೇರಿದ ಆ ದೇಶದ ಮೊದಲ ಉಪಗ್ರಹಕ್ಕೆ ಇಟ್ಟ ಹೆಸರು 'ರಾವಣ-1'. ನಮ್ಮ ಖಳನಾಯಕನನ್ನು ಮುಂದಿಟ್ಟುಕೊಂಡು ಟ್ಯಾಕ್ಸಿ ಚಾಲಕನೊಡನೆ ಮಾತು ಆರಂಭಿಸುವ ಮುನ್ನ ಇಷ್ಟು ತಿಳಿದಿದ್ದರೆ ಒಳ್ಳೆಯದು.

ಮೊದಲು ಪಂಚಾಂಗ, ಆಮೇಲೆ ಟಿಕೆಟ್

ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಅದಕ್ಕೆ ಪೋಯ ದಿನ ಎನ್ನುತ್ತಾರೆ. ಅಂದು ಮದ್ಯ ಮತ್ತು ಮಾಂಸದ ಮಾರಾಟ ನಿಷಿದ್ಧ. ಪ್ರವಾಸಿ ಕೈಪಿಡಿಗಳು ಇದನ್ನು ಒಂದು ಅನನುಕೂಲವೆಂಬಂತೆ ಎಚ್ಚರಿಸುತ್ತವೆ. ನಾನು ಹೇಳುವುದು ಇದಕ್ಕೆ ತದ್ವಿರುದ್ಧ: ಪ್ರವಾಸದಲ್ಲಿ ಒಂದು ಪೋಯವಾದರೂ ಸೇರುವಂತೆ ದಿನಾಂಕ ಆರಿಸಿಕೊಳ್ಳಿ, ಮತ್ತು ಅಂದು ದೊಡ್ಡ ಕ್ಷೇತ್ರಕ್ಕೆ ಹೋಗದೆ ಯಾವುದಾದರೂ ಸಾಧಾರಣ ಊರಿನ ವಿಹಾರಕ್ಕೆ ಹೋಗಿ. ಬಿಳಿ ಬಟ್ಟೆ ಉಟ್ಟ ಹಿರಿಯರು ಅಂದು ಎಂಟು ಶೀಲಗಳನ್ನು, ಎಂದರೆ ವ್ರತನಿಯಮಗಳನ್ನು, ಸ್ವೀಕರಿಸಿ ಬೆಳಗಿನಿಂದ ವಿಹಾರದಲ್ಲೇ ಉಳಿಯುತ್ತಾರೆ. ಮಧ್ಯಾಹ್ನದ ನಂತರ ಘನ ಆಹಾರ ಮುಟ್ಟುವುದಿಲ್ಲ. ಭಿಕ್ಷುಗಳ ಪ್ರವಚನ ನಡೆಯುತ್ತದೆ, ಬೋಧಿವೃಕ್ಷದ ಬುಡಕ್ಕೆ ಕೊಡಗಳಲ್ಲಿ ನೀರೆರೆಯುತ್ತಾರೆ. ನೀವೂ ಬಿಳಿ ಅಥವಾ ತಿಳಿ ಬಣ್ಣದ, ತೋಳು ಮತ್ತು ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟು ಒಂದು ಮೂಲೆಯಲ್ಲಿ ಕುಳಿತರೆ ಯಾರೂ ಬೇಡವೆನ್ನುವುದಿಲ್ಲ.

ಮೇ ತಿಂಗಳ ವೆಸಕ್ ಹುಣ್ಣಿಮೆಯಾದರೆ, ಎಂದರೆ ನಮ್ಮ ಬುದ್ಧ ಪೂರ್ಣಿಮೆಯಾದರೆ, ಇನ್ನೂ ಮೇಲು. ಮನೆಮನೆಯ ಮುಂದೆ ಕಾಗದದ ಗೂಡುದೀಪಗಳು, ದೊಡ್ಡ ಊರುಗಳ ವೃತ್ತಗಳಲ್ಲಿ ಬುದ್ಧನ ಹಿಂದಿನ ಜನ್ಮಗಳ ಜಾತಕ ಕಥೆಗಳನ್ನು ಚಿತ್ರಿಸಿ ಸಾವಿರಾರು ಬಲ್ಬುಗಳಿಂದ ಬೆಳಗಿಸುವ ತೋರಣಗಳು ಇರುತ್ತವೆ. ರಸ್ತೆ ಬದಿಯಲ್ಲಿ ದನ್ಸಲ್ ಎಂಬ ಚಪ್ಪರ ಹಾಕಿ ಓಣಿಯ ಹುಡುಗರು, ಅಂಗಡಿಯವರು, ಕಾರ್ಖಾನೆಯ ನೌಕರರು ದಾರಿಹೋಕರಿಗೆಲ್ಲ ಉಚಿತವಾಗಿ ಬಡಿಸುತ್ತಾರೆ: ಒಂದೆಡೆ ಅನ್ನ ಮತ್ತು ಪಲ್ಯಗಳು, ಇನ್ನೊಂದೆಡೆ ಬೇಯಿಸಿದ ಮರಗೆಣಸು, ಮತ್ತೊಂದೆಡೆ ಐಸ್‌ಕ್ರೀಮ್. ವಾಹನಗಳನ್ನು ಅಡ್ಡಗಟ್ಟಿ ಕರೆಯುವುದೂ ಉಂಟು. ಸಂಕೋಚಪಟ್ಟು ಹಣ ಕೊಡಲು ಹೋಗಬೇಡಿ. ಸಾಲಿನಲ್ಲಿ ನಿಂತು ಉಂಡು ಬರುವುದೇ ಮರ್ಯಾದೆ.

ಏಪ್ರಿಲ್ ನಡುವಿನ ಹೊಸ ವರ್ಷದ ಬಗ್ಗೆ ಒಂದು ಎಚ್ಚರಿಕೆ ಇದೆ. ತುಳುನಾಡಿನಲ್ಲಿ ಬಿಸು ಆಚರಿಸುವ ಹೊತ್ತಿಗೇ ಸಿಂಹಳರೂ ತಮಿಳರೂ ಸೌರಮಾನದ ಹೊಸ ವರ್ಷ ಆಚರಿಸುತ್ತಾರೆ. ಆಗ ಕೊಲಂಬೊ ಖಾಲಿಯಾಗುತ್ತದೆ, ಅಂಗಡಿ ಮತ್ತು ಹೋಟೆಲುಗಳು ಹಲವು ದಿನ ಬಾಗಿಲು ಹಾಕುತ್ತವೆ. ಹಳೆಯ ವರ್ಷಕ್ಕೂ ಹೊಸದಕ್ಕೂ ನಡುವೆ ನೊನಗತೆ ಎಂಬ ಕೆಲವು ಗಂಟೆಗಳ ಅವಧಿಯಲ್ಲಿ ಎಲ್ಲ ಕೆಲಸವೂ ನಿಲ್ಲುತ್ತದೆ. ಬಳಿಕ ಜ್ಯೋತಿಷಿಗಳು ಗೊತ್ತುಮಾಡಿದ ಒಂದೇ ಮುಹೂರ್ತಕ್ಕೆ ದೇಶದುದ್ದಕ್ಕೂ ಒಲೆ ಹೊತ್ತಿಸಿ ಹಾಲು ಉಕ್ಕಿಸುತ್ತಾರೆ. ಯಾರದಾದರೂ ಮನೆಯಲ್ಲಿ ತಂಗುವ ಏರ್ಪಾಡಿದ್ದರೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಹೋಟೆಲನ್ನೇ ನಂಬಿ ಹೋಗುವವರು ಆ ವಾರವನ್ನು ಬಿಡುವುದು ಲೇಸು.

ಮಗನ ಬಂಡೆ, ತಂದೆಯ ಕೆರೆ

ಸಿಗಿರಿಯ ಹತ್ತುವವರೆಲ್ಲರಿಗೂ ಮಾರ್ಗದರ್ಶಿಗಳು ಕಶ್ಯಪನ ಕಥೆ ಹೇಳುತ್ತಾರೆ. 5ನೆಯ ಶತಮಾನದಲ್ಲಿ ತಂದೆ ಧಾತುಸೇನನನ್ನು ಕೊಲ್ಲಿಸಿ, ತಮ್ಮನಿಗೆ ಹೆದರಿ ಬಂಡೆಯ ಮೇಲೆ ಅರಮನೆ ಕಟ್ಟಿಕೊಂಡವನು ಅವನು. ಈ ಕಥೆಯ ಉಳಿದರ್ಧವನ್ನು ಕಾಣಬೇಕಾದರೆ ದಂಬುಲ್ಲದಿಂದ ಪಶ್ಚಿಮಕ್ಕಿರುವ ಕಲಾವೆವ ಎಂಬ ಕೆರೆಯ ಏರಿಯ ಮೇಲೆ ನಿಲ್ಲಬೇಕು. ಬಚ್ಚಿಟ್ಟ ನಿಧಿಯನ್ನು ತೋರಿಸೆಂದು ಮಗನ ಕಡೆಯವರು ಪೀಡಿಸಿದಾಗ ಧಾತುಸೇನ ಅವರನ್ನು ತಾನೇ ಕಟ್ಟಿಸಿದ ಈ ಕೆರೆಗೆ ಕರೆತಂದು, ಬೊಗಸೆಯಲ್ಲಿ ನೀರೆತ್ತಿ, ತನ್ನ ಸಂಪತ್ತೆಲ್ಲ ಇದೇ ಎಂದನೆಂದು ವೃತ್ತಾಂತ ಹೇಳುತ್ತದೆ. ಇಲ್ಲಿಂದ ಹೊರಟ ಯೋಧ ಎಲ ಎಂಬ ಕಾಲುವೆ ಸುಮಾರು 87 ಕಿ.ಮೀ. ದೂರ ತೀರ ಸಣ್ಣ ಇಳಿಜಾರಿನಲ್ಲಿ ಹರಿದು ಅನುರಾಧಪುರದ ತಿಸ್ಸಾವೆವ ಕೆರೆಯನ್ನು ತುಂಬಿಸುತ್ತದೆ. ಬಂಡೆಯ ಬುಡದಲ್ಲಿ ಟಿಕೆಟ್ಟಿಗೆ ಸಾಲುಗಟ್ಟುವ ಪ್ರವಾಸಿಗಳಲ್ಲಿ ಇಲ್ಲಿಗೆ ಬರುವವರು ಕೆಲವರೇ. ಬಂದರೂ ಹತ್ತಿರದ ಅವುಕನದಲ್ಲಿರುವ, ಸುಮಾರು 40 ಅಡಿ ಎತ್ತರದ ನಿಂತ ಬುದ್ಧನನ್ನು ನೋಡಿ ತಿರುಗುತ್ತಾರೆ.

ಕೆರೆಯ ನಾಡಿನಿಂದ ಹೋದ ಕನ್ನಡಿಗರಿಗೆ ಇಲ್ಲಿ ಬೇರೆಯವರಿಗಿಲ್ಲದ ಅನುಕೂಲವಿದೆ. ಏರಿ, ತೂಬು, ಕೋಡಿ, ಒಂದರ ಕೋಡಿ ನೀರು ಮುಂದಿನದಕ್ಕೆ ಹರಿಯುವ ಕೆರೆಗಳ ಸರಣಿ, ಇವೆಲ್ಲ ಕೋಲಾರ ಅಥವಾ ತುಮಕೂರಿನ ಕಡೆಯವರಿಗೆ ವಿವರಿಸದೆ ಅರ್ಥವಾಗುತ್ತವೆ. ಹೊಸದಾಗಿ ಗಮನಿಸಬೇಕಾದವು ಬೇರೆ ಇವೆ. ಏರಿಯ ಒಳಮೈಗೆ ತಾಗಿ ಕಲ್ಲು ಇಟ್ಟಿಗೆಗಳಿಂದ ಕಟ್ಟಿದ ಚೌಕ ಬಾವಿಯಂಥ ರಚನೆಯನ್ನು ಬಿಸೊಕೊಟುವ ಎನ್ನುತ್ತಾರೆ. ಆಳದ ಕೆರೆಯಿಂದ ರಭಸವಾಗಿ ನುಗ್ಗುವ ನೀರಿನ ಒತ್ತಡವನ್ನು ಅಲ್ಲಿಯೇ ತಗ್ಗಿಸಿ ಏರಿ ಕೊರೆಯದಂತೆ ಹೊರಬಿಡುವ ಉಪಾಯವದು. ಕೆರೆಯ ಮೇಲ್ಭಾಗದಲ್ಲಿ ಗಾಳಿ ಮತ್ತು ಆವಿಯನ್ನು ತಡೆಯಲೆಂದು ಬಿಟ್ಟ ಮರಗಳ ಪಟ್ಟಿ, ಏರಿಯ ಕೆಳಗೆ ಜಿನುಗುವ ನೀರಿನ ಉಪ್ಪನ್ನು ಹೀರಲೆಂದು ಬೆಳೆಸಿದ ಗಿಡಗಳ ಜೌಗು ಇರುತ್ತವೆ. ಈ ಸರಪಣಿ ಕೆರೆಗಳ ವ್ಯವಸ್ಥೆಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿತು.

ಅನುರಾಧಪುರ ಅಥವಾ ಕುರುನೆಗಲ ಜಿಲ್ಲೆಯ ಯಾವುದಾದರೂ ಹಳ್ಳಿಯಲ್ಲಿ ಒಂದೆರಡು ರಾತ್ರಿ ತಂಗಿ, ಸಂಜೆ ಏರಿಯ ಮೇಲೆ ನಡೆಯಿರಿ. ಸ್ನಾನಕ್ಕೆ, ಬಟ್ಟೆ ಒಗೆಯಲು, ಮೀನಿಗೆ, ಹರಟೆಗೆ ಊರೆಲ್ಲ ಅಲ್ಲಿ ಸೇರಿರುತ್ತದೆ. ನೀರು ಕಡಿಮೆಯಾದ ವರ್ಷ ಏನು ಮಾಡುತ್ತೀರೆಂದು ರೈತರನ್ನು ಕೇಳಿದರೆ ಬೆತ್ಮ ಎಂಬ ಪದ್ಧತಿಯ ವಿಷಯ ಬರುತ್ತದೆ. ಎಲ್ಲರ ಗದ್ದೆಗೂ ನೀರು ಸಾಲದಿದ್ದಾಗ ಕೆರೆಗೆ ಹತ್ತಿರವಿರುವ ಗದ್ದೆಗಳನ್ನಷ್ಟೇ ಆರಿಸಿ, ಮಾಲೀಕರು ಯಾರೇ ಇರಲಿ, ಆ ಬೆಳೆಯ ಮಟ್ಟಿಗೆ ಊರಿನ ರೈತರೆಲ್ಲರೂ ಹಂಚಿಕೊಂಡು ಉಳುವ ಕ್ರಮವದು. ಇಂಥ ಒಂದು ಮಾತುಕತೆಗೆ ಅರ್ಧ ದಿನ ಹೋದರೂ ನಷ್ಟವಿಲ್ಲ.

ಚಹಾ ತೋಟದಲ್ಲಿ ಯಾರನ್ನು ನೋಡಬೇಕು

ಬುಟ್ಟಿ ಹೊತ್ತು ನಗುವ ಹೆಂಗಸಿನ ಚಿತ್ರವಿಲ್ಲದ ಶ್ರೀಲಂಕಾ ಜಾಹೀರಾತು ಸಿಗುವುದು ಕಷ್ಟ. ಆ ಹೆಂಗಸಿನ ಇತಿಹಾಸ ಮಾತ್ರ ಜಾಹೀರಾತಿನಲ್ಲಿ ಇರುವುದಿಲ್ಲ. ಆ ಗುಡ್ಡಗಳಲ್ಲಿ ಮೊದಲಿದ್ದುದು ಕಾಫಿ. 1869ರಿಂದ ಹಬ್ಬಿದ ಎಲೆ ತುಕ್ಕು ರೋಗ ಕಾಫಿಯನ್ನು ನಾಶಮಾಡಿದ ಮೇಲೆ, ಜೇಮ್ಸ್ ಟೇಲರ್ 1867ರಲ್ಲಿ ಲೂಲ್‌ಕಂದೂರದಲ್ಲಿ ಆರಂಭಿಸಿದ್ದ ಚಹಾ ಕೃಷಿ ಎಲ್ಲೆಡೆ ಹರಡಿತು. ದುಡಿಯಲು ಬಂದವರು ತಮಿಳುನಾಡಿನ ಬಡ ಕುಟುಂಬಗಳವರು. 1948ರ ಪೌರತ್ವ ಕಾಯ್ದೆಯಿಂದ ಅವರಲ್ಲಿ ಬಹುಪಾಲು ಜನ ಯಾವ ದೇಶಕ್ಕೂ ಸೇರದವರಾದರು. ಎರಡೂ ದೇಶಗಳ ಪ್ರಧಾನಿಗಳು ಮಾಡಿಕೊಂಡ 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತಕ್ಕೆ, 3,00,000 ಜನರನ್ನು ಸಿಲೋನಿಗೆ ಎಂದು ಹಂಚಲಾಯಿತು. ಅಲ್ಲೇ ಉಳಿದವರ ಪೌರತ್ವದ ಪ್ರಶ್ನೆ ಕಾನೂನಿನಲ್ಲಿ ಇತ್ಯರ್ಥವಾದದ್ದು 2003ರಲ್ಲಿ. ಭಾರತಕ್ಕೆ ಮರಳಿದವರಲ್ಲಿ ಒಂದು ಪಾಲು ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿತು. ಸುಳ್ಯದವರು ನುವರ ಎಲಿಯಕ್ಕೆ ಹೋದರೆ ತಮ್ಮ ನೆರೆಯವರ ಹಳೆಯ ಊರಿಗೇ ಹೋದಂತೆ.

ಹಾಗಾಗಿ ಕಾರ್ಖಾನೆಯ ಚಹಾ ರುಚಿ ನೋಡಿ ಹೊರಡದೆ, ಹ್ಯಾಟನ್ ಸುತ್ತಿನ ಯಾವುದಾದರೂ ತೋಟದ ಊರಿನಲ್ಲಿ ಇಳಿಯಿರಿ. ಮಾರಿಯಮ್ಮನ ಗುಡಿ, ತೋಟದ ಶಾಲೆ, ಚಿಕ್ಕಮಗಳೂರು ಮತ್ತು ಕೊಡಗಿನವರಿಗೆ ಪರಿಚಿತವಾದ ಲೈನ್ ಮನೆಗಳು (ಕಾರ್ಮಿಕರ ಸಾಲುಮನೆಗಳು) ಅಲ್ಲಿವೆ. ಗಂಪೊಲದ ಹತ್ತಿರ ಹಳೆಯ ಲೈನ್ ಕೋಣೆಗಳಲ್ಲೇ ತೋಟ ಕಾರ್ಮಿಕರ ವಸ್ತುಸಂಗ್ರಹಾಲಯವೊಂದಿದೆ. ಮುಂಚಿತವಾಗಿ ವಿಚಾರಿಸಿ ಹೋಗಿ. ಲೈನ್ ಮನೆಗಳ ಒಳಗೆ ಕರೆಯದೆ ಇಣುಕಬಾರದು, ಕೊಯ್ಲಿನ ನಡುವೆ ನಿಲ್ಲಿಸಿ ಫೋಟೊಗೆ ನಗಿಸಬಾರದು. ದಿನಕ್ಕೆ ಇಷ್ಟು ಕಿಲೊ ಸೊಪ್ಪು ಎಂಬ ಲೆಕ್ಕದ ಮೇಲೆ ಅವರ ಕೂಲಿ ನಿಂತಿರುತ್ತದೆ.

ಒಂದೇ ಅಂಗಳದ ದೇವರುಗಳು

ಕ್ಯಾಂಡಿಯಲ್ಲಿ ಪ್ರವಾಸಿಗಳಿಗಾಗಿ ನಡೆಯುವ ಒಂದು ಗಂಟೆಯ ನೃತ್ಯ ಪ್ರದರ್ಶನ ಕೆಟ್ಟದ್ದೇನಲ್ಲ. ಆದರೆ ಆ ನೃತ್ಯದ ಬೇರು ಕೊಹೊಂಬ ಕಂಕಾರಿಯ ಎಂಬ, ರಾತ್ರಿಯಿಡೀ ನಡೆಯುವ ಶಾಂತಿ ಆಚರಣೆಯಲ್ಲಿದೆ. ದಂತ ದೇಗುಲದ ಪೂಜೆಯ ಹೊತ್ತಿಗೆ ಕೆಳಗಿನ ಅಂಗಳದಲ್ಲಿ ನಿಂತು ಮದ್ದಳೆ ಕೇಳಿದರೆ ಅದರ ಗಾಂಭೀರ್ಯ ಹೆಚ್ಚು ತಿಳಿಯುತ್ತದೆ. ದೇಗುಲದ ಸುತ್ತಮುತ್ತಲೇ ನಾಥ, ವಿಷ್ಣು, ಪತ್ತಿನಿ, ಕತರಗಮ ದೇವಾಲಯಗಳಿವೆ. ಪತ್ತಿನಿ ಬೇರಾರೂ ಅಲ್ಲ, ತಮಿಳರ ಶಿಲಪ್ಪದಿಕಾರಂ ಕಾವ್ಯದ ನಾಯಕಿ ಕಣ್ಣಗಿ. ಪೂರ್ವ ತೀರದ ತಮಿಳರು ಅವಳನ್ನೇ ಕಣ್ಣಗಿ ಅಮ್ಮನೆಂದು ಪೂಜಿಸುತ್ತಾರೆ. ಸಿಂಹಳರೆಂದರೆ ಬೌದ್ಧರು, ತಮಿಳರೆಂದರೆ ಹಿಂದೂಗಳು, ಇಬ್ಬರ ನಡುವೆ ಗೋಡೆ ಎಂಬ ಸರಳ ಚಿತ್ರ ಇಲ್ಲಿ ನಿಲ್ಲುವುದಿಲ್ಲ.

ದಕ್ಷಿಣದ ಕತರಗಮದಲ್ಲಿ ಅದು ಇನ್ನೂ ಸ್ಪಷ್ಟ. ಕುಕ್ಕೆಗೆ ನಡೆದುಕೊಳ್ಳುವವರಿಗೆ ಆ ದೇವರು ಪರಿಚಿತ: ಸ್ಕಂದ, ಬೇಡರ ಮಗಳು ವಳ್ಳಿಯ ಪತಿ. ಗರ್ಭಗುಡಿಯಲ್ಲಿ ಮೂರ್ತಿಯ ದರ್ಶನವಿಲ್ಲ, ಚಿತ್ರ ಬಿಡಿಸಿದ ಪರದೆಯೊಂದೇ ಕಾಣುತ್ತದೆ. ಪೂಜೆ ಮಾಡುವವರು ಕಪುರಾಳರೆಂಬ ಸಿಂಹಳರು. ಹರಕೆಯವರು ಕರ್ಪೂರ ಹೊತ್ತಿಸಿದ ತೆಂಗಿನಕಾಯಿಯನ್ನು ಕೈಯಲ್ಲೆತ್ತಿ ಬೇಡಿಕೊಂಡು ಕಲ್ಲಿಗೆ ಅಪ್ಪಳಿಸುತ್ತಾರೆ. ಅದೇ ಕ್ಷೇತ್ರದಲ್ಲಿ ಕಿರಿ ವೆಹೆರ ಸ್ತೂಪವೂ ಮಸೀದಿಯೂ ಇವೆ. ಜುಲೈ-ಆಗಸ್ಟಿನ ಉತ್ಸವಕ್ಕೆ ಉತ್ತರದ ಜಾಫ್ನಾದಿಂದ ತಮಿಳು ಭಕ್ತರು ವಾರಗಟ್ಟಲೆ ಪಾದಯಾತ್ರೆ ಮಾಡಿ, ಯಾಲ ಅರಣ್ಯ ದಾಟಿ ಬರುತ್ತಾರೆ.

ಕಡಲು ಮತ್ತು ಊಟ

ಕೊಗ್ಗಲದ ಬಳಿ ನೀರಿನಲ್ಲಿ ನೆಟ್ಟ ಕೋಲುಗಳ ಮೇಲೆ ಕುಳಿತು ಗಾಳ ಹಾಕುವವರಲ್ಲಿ ಹೆಚ್ಚಿನವರು ಈಗ ಫೋಟೊಗಾಗಿ ಕುಳಿತಿರುತ್ತಾರೆ, ಇಳಿದು ಬಂದು ಹಣ ಕೇಳುತ್ತಾರೆ. ಜೀವನೋಪಾಯದ ಮೀನುಗಾರಿಕೆ ನೋಡಬೇಕೆಂದಿದ್ದರೆ ನಸುಕಿನಲ್ಲಿ ನೆಗೊಂಬೊ ಮಾರುಕಟ್ಟೆಗೆ ಹೋಗಿ, ಅಥವಾ ದಡದಿಂದ ಬಲೆ ಎಳೆಯುವ ಮಾದಲ್ ನಡೆಯುವ ತೀರವನ್ನು ವಿಚಾರಿಸಿ. ನಮ್ಮ ಕರಾವಳಿಯ ಕೈರಂಪಣಿಯೇ ಅದು. ಮುಂಗಾರಿನಲ್ಲಿ ಪಶ್ಚಿಮ ತೀರದ ಬೆಸ್ತರು ಪೂರ್ವ ತೀರಕ್ಕೆ ವಲಸೆ ಹೋಗುವುದರಿಂದ ಮೇ-ಸೆಪ್ಟೆಂಬರ್ ನಡುವೆ ಟ್ರಿಂಕೋಮಲಿಯ ಕಡೆ ಹೋಗುವುದು ಸೂಕ್ತ.

ಊಟಕ್ಕೆ ಹೋಟೆಲಿನ ಬಫೆಯನ್ನು ಬಿಟ್ಟು, ಮಧ್ಯಾಹ್ನ ಸಣ್ಣ ಅಂಗಡಿಗಳಲ್ಲಿ ಸಿಗುವ ಅನ್ನ ಮತ್ತು ನಾಲ್ಕೈದು ಪಲ್ಯಗಳ ಪೊಟ್ಟಣ ಕೊಳ್ಳಿ. ಸಸ್ಯಾಹಾರಿಗಳು ಒಂದು ವಿಷಯವನ್ನು ಪ್ರತಿ ಬಾರಿಯೂ ಕೇಳಬೇಕು: ತೆಂಗಿನ ಚಟ್ನಿಯಂತೆ ಕಾಣುವ ಪೊಲ್ ಸಂಬೊಲದಲ್ಲೂ ಸೊಪ್ಪಿನ ಪಲ್ಯದಲ್ಲೂ ಉಂಬಲಕಡ ಎಂಬ ಒಣ ಮೀನಿನ ಪುಡಿ ಇರಬಹುದು. 'ಸೈವ' ಎಂದು ಬರೆದ ತಮಿಳರ ಹೋಟೆಲುಗಳಲ್ಲಿ ಈ ಆತಂಕವಿಲ್ಲ. ಕೃಷಿ ಇಲಾಖೆಯ ಆಶ್ರಯದಲ್ಲಿ ಹಳ್ಳಿಯ ಹೆಂಗಸರು ನಡೆಸುವ ಹೆಲ ಬೊಜುನ್ ಎಂಬ ಉಪಾಹಾರ ಮಳಿಗೆಗಳನ್ನು ಮಾತ್ರ ಬಿಡಲೇಬಾರದು. ಪೆರಾದೆನಿಯದ ಹತ್ತಿರ ಗನ್ನೊರುವದಲ್ಲಿ ಒಂದಿದೆ. ಒಬ್ಬೊಬ್ಬರದೂ ಒಂದೊಂದು ಒಲೆ, ಕಣ್ಣೆದುರೇ ಅಡುಗೆ. ರಾಗಿಗೆ ತೆಂಗಿನ ತುರಿ ಬೆರೆಸಿ ತಟ್ಟಿದ ಕುರಕ್ಕನ್ ರೊಟ್ಟಿ, ಸೊಪ್ಪಿನ ರಸ ಹಾಕಿದ ಬಿಸಿ ಗಂಜಿ ಕೊಲಕೆಂದ, ಎಲೆಯಲ್ಲಿ ಬೇಯಿಸಿದ ಸಿಹಿ ಹಲಪ, ಎಲ್ಲವೂ ಅಗ್ಗ. ಗಂಜಿಯ ಜೊತೆಗೆ ಕೊಡುವ ಬೆಲ್ಲದ ತುಂಡನ್ನು ಅದರಲ್ಲಿ ಕರಗಿಸಬೇಡಿ, ಕಚ್ಚಿಕೊಂಡು ಗುಟುಕರಿಸಿ.

ಉತ್ತರಕ್ಕೆ ಹೋಗುವವರಿಗೆ

ಸಮಯವಿದ್ದರೆ ಕೊಲಂಬೊದಿಂದ ಜಾಫ್ನಾಕ್ಕೆ ರೈಲಿನಲ್ಲಿ ಹೋಗಿ. ಸರ್ಕಾರಕ್ಕೂ ತಮಿಳು ಬಂಡುಕೋರರಿಗೂ ನಡೆದ ಯುದ್ಧದಲ್ಲಿ ನಿಂತಿದ್ದ ಈ ಮಾರ್ಗ ಜಾಫ್ನಾದವರೆಗೆ ಮತ್ತೆ ತೆರೆದದ್ದು 2014ರಲ್ಲಿ. 1981ರಲ್ಲಿ ಸುಟ್ಟುಹೋಗಿ 2003ರಲ್ಲಿ ಮತ್ತೆ ತೆರೆದ ಗ್ರಂಥಾಲಯ, ಗಂಡಸರು ಅಂಗಿ ತೆಗೆದೇ ಪ್ರವೇಶಿಸಬೇಕಾದ ನಲ್ಲೂರು ಕಂದಸ್ವಾಮಿ ಕೋವಿಲ್, ತಾಳೆಬೆಲ್ಲದ ಅಂಗಡಿಗಳು ಅಲ್ಲಿವೆ. 2009ರವರೆಗೆ 26 ವರ್ಷ ನಡೆದ ಯುದ್ಧದ ಬಗ್ಗೆ ನೀವಾಗಿ ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಭಾರತದ ಪಾತ್ರದ ಬಗ್ಗೆ ಕಹಿ ಮಾತು ಬಂದರೂ ವಾದಕ್ಕಿಳಿಯಬೇಡಿ. ಭಾರತದ ಶಾಂತಿಪಾಲನಾ ಪಡೆ 1987ರಿಂದ 1990ರವರೆಗೆ ಇದ್ದದ್ದು ಈ ನೆಲದಲ್ಲೇ. ಸೇನಾ ಶಿಬಿರಗಳ ಚಿತ್ರ ತೆಗೆಯಬಾರದು. ದೇಶದ ಯಾವ ಭಾಗದಲ್ಲೂ ಬುದ್ಧನ ಮೂರ್ತಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳಬಾರದು, ಮತ್ತು ಬಸ್ಸಿನ ಮುಂದಿನ ಸೀಟು ಖಾಲಿಯಿದ್ದರೂ ಅದು ಭಿಕ್ಷುಗಳಿಗೆ ಮೀಸಲೆಂದು ತಿಳಿದು ಹಿಂದೆ ಕುಳಿತುಕೊಳ್ಳಬೇಕು.